ಹಡಪ್ಸರ್, ಮಧ್ಯಾಹ್ನ ಎರಡು ಗಂಟೆ

ಎಂಜಿನ್ ಇಲ್ಲದ ವಿಮಾನ ನನ್ನದು.
ಎಂಜಿನ್ ಇರುವುದು ಒಂದು ಕಿಲೋಮೀಟರು ಆಚೆ,
ಹುಣಸೆ ಮರದ ಕೆಳಗೆ, ಸಿದರಾಯನ ಕೈಯಲ್ಲಿ.
ಅಕ್ಕಲಕೋಟೆಯವನು. ಇಪ್ಪತ್ತಾರು ವರ್ಷ
ತಂತಿ ಸುತ್ತುತ್ತ ಕಂಡವರನ್ನೆಲ್ಲ ಮುಗಿಲಿಗೆ ಹತ್ತಿಸಿದವನು,
ತಾನು ಏಣಿಗಿಂತ ಎತ್ತರ ಹತ್ತಿಲ್ಲ.

"ಹದ್ದು ನೋಡ್ರಿ ಅಕ್ಕಾರ. ಮೀಟರು ಸುಳ್ಳು ಹೇಳೀತು,
ಹಸಿದ ಹದ್ದು ಸುಮ್ಮನ ತಿರಗಂಗಿಲ್ಲ."

ಮೂವತ್ತು ಸೆಕೆಂಡು ಬೆನ್ನಿಗೆ ಸೀಟು ಒತ್ತಿತು.
ಹಳದಿ ಗುಂಡಿ ಎಳೆದೆ.
ತಂತಿ ಕಳಚಿ ಬಿತ್ತು. ಸದ್ದೂ.

ಗಾಜಿಗೆ ಅಂಟಿಸಿದ ಕೆಂಪು ಉಣ್ಣೆಯೆಳೆ
ಅತ್ತಿತ್ತ ಓಲಾಡಿ ನೆಟ್ಟಗಾಯಿತು;
ಗಾಳಿಯ ಮಾತು ಈ ಗೇಣು ದಾರಕ್ಕೇ ಗೊತ್ತು.
ತೋಳಿಗೆ ಗರಿ ಕಟ್ಟಿ ಬಡಿದವರೆಲ್ಲ ಬಿದ್ದರಂತೆ.
ಬಡಿಯುವುದು ಬಿಟ್ಟು
ರೆಕ್ಕೆಯನ್ನು ಸುಮ್ಮನೆ ಚಾಚಿ ಹಿಡಿದ ದಿನ
ಗಾಳಿ ನಮ್ಮನ್ನು ಹೊತ್ತಿತು.

ಹೊತ್ತರೂ ಇಳಿಸುತ್ತಲೇ ಇರುತ್ತದೆ, ಸೆಕೆಂಡಿಗೆ ಎರಡು ಮೊಳ.
ಫುರಸುಂಗಿಯ ಮೇಲೆ ಮೂರು ಹದ್ದು
ರೆಕ್ಕೆ ಅಲುಗದೆ ಬಳೆ ಬರೆಯುತ್ತಿದ್ದವು.
ಬಳೆಯೊಳಗೆ ನುಗ್ಗಿದೆ:
ಕೆಳಗಿಂದ ಯಾರೋ ಅಂಗೈ ಇಟ್ಟು ಎತ್ತಿದ ಹಾಗೆ!
ಕಸದ ಗುಡ್ಡ, ಬದಿಗೆ ಸಾಲು ಪತ್ರಾಸಿನ ಮನೆ,
ಕಾದು ಕಾದು ಬಿಟ್ಟ ಬಿಸಿಯುಸಿರು.
ಎಂಟುನೂರು ಅಡಿ. ಸಾವಿರ. ಸಾವಿರದ ಮುನ್ನೂರು.

ಇಳಿದಾಗ ಸಿದರಾಯ ತಂತಿಗೆ ಗ್ರೀಸು ಸವರುತ್ತಿದ್ದ.
"ಫುರಸುಂಗಿ ಮ್ಯಾಲ ಹ್ವಾದ್ರಲ್ಲ, ನಮ್ಮ ಮನಿ ಕಂಡಿತೇನ್ರಿ?
ನೀಲಿ ತಾಡಪತ್ರಿ ಹೊಚ್ಚಿದ್ದು.
ಹೆಂಡತಿ ಹಗಲೆಲ್ಲ ಒಳಗ ಕೂಡಂಗಿಲ್ಲ,
ಪತ್ರಾಸು ಭಾಳ ಕಾಯತಾವು."

ಕಂಡಿತು ಅಂದೆ.
ಅದರ ಮೇಲೆಯೇ ನಾಲ್ಕು ಸುತ್ತು ಹಾಕಿದ್ದೆ.