ಪಿಕೋ ಅಂಗಡಿಯಲ್ಲಿ ಒಂದೇ ಕಥೆ, ಎರಡು ಸಲ

ದುರ್ಗಿಗುಡಿಯ ಅಡ್ಡರಸ್ತೆ, ಮೆಟ್ಟಿಲ ಕೆಳಗಿನ ಸಂದಿ,
ನಮ್ಮ ಪಿಕೋ-ಫಾಲ್ಸ್ ಅಂಗಡಿ.
ಎರಡು ಮಷೀನು. ನಡುವೆ, ನೂಲಿನ ಉಂಡೆಗೆ ಒರಗಿಸಿಟ್ಟ
ಒಂದೇ ಮೊಬೈಲು.
ಗಾಜು ಬಿರಿದದ್ದು ಫ್ಲೇವಿಯ ಕೈಯಲ್ಲಿ.
ಎಲ್ಲ ನಾಯಕರಿಗೂ ಎಡಗೆನ್ನೆಯ ಮೇಲೊಂದು ಗೀರು.

ಅವಳಿಗೆ ಕೊರಿಯಾ. ನನಗೆ ಜಪಾನು.

ಈ ವಾರ ಒಂದೇ ಕಥೆ ಎರಡೂ ದೇಶದ್ದು ಸಿಕ್ಕಿತು:
ಬೇಕರಿಯ ಹುಡುಗಿ, ಗಡಿಯಾರ ರಿಪೇರಿಯ ಹುಡುಗ.
ಅಲ್ಲಿ ಹದಿನಾರು ಕಂತು, ಇಲ್ಲಿ ಎರಡೇ ತಾಸು.
"ಅದೆಂತ ಎರಡು ತಾಸು!
ಮದುವೆಗೆ ಹೋಗಿ ಉಪ್ಪಿನಕಾಯಿ ನೆಕ್ಕಿ ಎದ್ದು ಬಂದ ಹಾಗೆ"
ಎಂದಳು ಫ್ಲೇವಿ.

ಅವಳದರಲ್ಲಿ ಹುಡುಗನ ತಾಯಿ
ನೋಟಿನ ಲಕೋಟೆ ಜಾರಿಸುತ್ತಾಳೆ ಮೇಜಿನ ಮೇಲೆ,
ಆಮೇಲೆ ಲೋಟದ ನೀರು ಮುಖಕ್ಕೆ.
ನನ್ನದರಲ್ಲಿ ತಾಯಿ ಚಹಾ ಬಗ್ಗಿಸಿ
'ಸೆಕೆ ಈ ಸಲ ಬೇಗ ಬಂತು' ಅನ್ನುತ್ತಾಳೆ.
ಹುಡುಗಿ ಎದ್ದು ಚಪ್ಪಲಿ ಮೆಟ್ಟುತ್ತಾಳೆ.
(ನನ್ನ ಸೋದರತ್ತೆ ಜಪಾನಿನಲ್ಲಿ ಹುಟ್ಟಬೇಕಿತ್ತು.)

ಅವಳ ಹುಡುಗ ಮಣಿಕಟ್ಟು ಹಿಡಿದು ಎಳೆಯುತ್ತಾನೆ.
ನನ್ನವನು ಅವಳ ಛತ್ರಿಯ ಹಿಡಿ ಒರೆಸಿ
ವಾಪಸು ಕೊಡುತ್ತಾನೆ.
ಅವನು ವಿಮಾನ ನಿಲ್ಲಿಸಲು ಓಡಿದರೆ
ಇವನು ರೈಲಿನ ಬಾಗಿಲು ಮುಚ್ಚುವುದನ್ನೇ ನೋಡುತ್ತಾನೆ.
ಗಾಜಿನಾಚೆ ತುಟಿ ಅಲ್ಲಾಡುತ್ತದೆ.
ಸಬ್‌ಟೈಟಲ್ ಇಲ್ಲ.
ಫ್ಲೇವಿ ಮೊಬೈಲನ್ನೇ ಹಿಡಿದು ಅಲ್ಲಾಡಿಸುತ್ತಾಳೆ:
"ಎಂತ ಅಂದ? ಇವ ಎಂತ ಅಂದ?"
ಸಿಟ್ಟು ಇನ್ನೂ ಹೆಚ್ಚಾದರೆ ಕೊಂಕಣಿ.

ಒಂದಕ್ಕೆ ಮಾತ್ರ ನಮ್ಮಿಬ್ಬರ ಒಪ್ಪಿಗೆಯಿದೆ.
ಒಂಬತ್ತನೇ ಕಂತಿನಲ್ಲೋ, ಎಪ್ಪತ್ತನೇ ನಿಮಿಷದಲ್ಲೋ
ಮರ್ಯಾದೆ ಜಾರುತ್ತದೆ.
ಅಲ್ಲಿ ಕ್ರಿಯಾಪದದ ಬಾಲ ಕಳಚುತ್ತದೆ,
ಇಲ್ಲಿ ಹೆಸರಿನ ತುದಿಯ 'ಸಾನ್' ಉದುರುತ್ತದೆ.
ಕೆಳಗೆ ಇಂಗ್ಲಿಷಿನಲ್ಲಿ
ನಿನ್ನೆಯೂ 'ಯೂ', ಇವತ್ತೂ ಅದೇ 'ಯೂ'.
ಪಾಪ, ಏನು ನಡೆದುಹೋಯಿತೆಂದು ಆ ಭಾಷೆಗೆ ಗೊತ್ತೇ ಇಲ್ಲ.
ನಾವಿಬ್ಬರೂ ಆಗಲೇ ಪೆಡಲಿನಿಂದ ಕಾಲು ತೆಗೆದಿರುತ್ತೇವೆ.

ಮತ್ತೆ, ಆ 'ನೇ'.
ಎರಡೂ ಕಡೆ ಅನ್ನುತ್ತಾರೆ.
ಕೊರಿಯಾದ 'ನೇ' ಅಂದರೆ ಹೌದು.
ಜಪಾನಿನ 'ನೇ' ಅಂದರೆ ಅಲ್ವಾ.
ಇದನ್ನು ಕಂಡುಹಿಡಿದ ದಿನ ಫ್ಲೇವಿ
ಯಾರದೋ ಧಾರೆ ಸೀರೆಗೆ ಫಾಲ್ಸ್ ತಿರುಗುಮುರುಗ ಹಾಕಿದಳು.

ಯೋಗಾನಂದ ಭದ್ರಾವತಿಯಿಂದ ಬರುವುದು
ಹದಿನೈದು ದಿನಕ್ಕೊಂದು ಮಂಗಳವಾರ.
ಹೆಗಲಿಗೆ ನೂಲಿನ ಪೆಟ್ಟಿಗೆ. ನಾಲ್ಕು ವರ್ಷ.
ಗಿಳಿ ಹಸಿರಿಗೂ ಪಾಚಿ ಹಸಿರಿಗೂ ನಡುವೆ
ಹೆಸರಿಲ್ಲದ ಒಂದು ಹಸಿರಿದೆಯಲ್ಲ,
ಅದನ್ನು ಕೇಳದೆ ತರುವವನು.
ನಿನ್ನೆ ಲೆಕ್ಕ ಬರೆದು, ಪೆನ್ನಿನ ಮುಚ್ಚಳ ಹಾಕಿ ಹೇಳಿದ:
"ಇನ್ನು ನನಗೆ ಕಡೂರು ಲೈನು.
ಈ ಕಡೆಗೆ ಬೇರೆ ಹುಡುಗ ಬರ್ತಾನೆ."
ನಾನು ಅಂದೆ:
"ಈ ಸಲದ ನೇರಳೆ ಚೆನ್ನಾಗಿದೆ."

ಫ್ಲೇವಿ ಕತ್ತರಿ ಕೆಳಗಿಟ್ಟಳು.
"ಓಡೇ, ಮಾರಾಯ್ತಿ."

ಓಡುವುದೆಲ್ಲಿ, ಸಂಜೆ ಐದೂವರೆಗೆ, ನೆಹರೂ ರಸ್ತೆಯಲ್ಲಿ?
ಕೊರಿಯಾದಲ್ಲಿ ಸಿಗ್ನಲ್ಲಿಗೆ ಯಾರೂ ನಿಲ್ಲುವುದಿಲ್ಲ.
ನಾನು ಗೋಪಿ ಸರ್ಕಲ್ಲಿನಲ್ಲಿ ನಿಂತೆ.
ಕಬ್ಬಿನ ಹಾಲಿನ ಗಾಡಿಯವ
ಕುತ್ತಿಗೆಯ ಅಳತೆ ಟೇಪು ನೋಡಿ
ಯಾರ ಅಳತೆಗಮ್ಮಾ ಅಂದ.

ಭದ್ರಾವತಿ ಬಸ್ಸು. ಮೂರನೇ ಕಿಟಕಿ.
ತೊಡೆಯ ಮೇಲೆ ಪೆಟ್ಟಿಗೆ.
"ಬಿಲ್ಲಿನಲ್ಲಿ ಏನಾದರೂ ತಪ್ಪಾಯ್ತೇನ್ರಿ?"

ನೂಲು ನೀವೇ ತರಬೇಕು,
ಬೇರೆಯವರಿಗೆ ಬಣ್ಣ ತಿಳಿಯುವುದಿಲ್ಲ,
ಇಷ್ಟನ್ನು ದಾರಿಯುದ್ದ ಬಾಯಿಪಾಠ ಮಾಡಿದ್ದೆ.
ಬಾಯಿಂದ ಬಂದದ್ದು:
"ನೂಲು ನೀನೇ ತಾ."

ಕಂಡಕ್ಟರು ಸೀಟಿ ಊದಿದ.
ನಾಲ್ಕು ವರ್ಷದ ಬಹುವಚನ ಡೀಸೆಲ್ ಹೊಗೆಯಲ್ಲಿ ಹೋಯಿತು.
ಅವನು ಕಿಟಕಿ ಸರಿಸಲು ನೋಡಿದ,
ಅದು ಅರ್ಧಕ್ಕೇ ಸಿಕ್ಕಿಕೊಳ್ಳುವ ಕಿಟಕಿ.
ತುಟಿ ಅಲ್ಲಾಡಿತು.

"ಎಂತ ಅಂದ?"
ಬೆಳಗಿನಿಂದ ಇದು ಹನ್ನೆರಡನೇ ಸಲ.
ಹಾರ್ನು ಜೋರಿತ್ತು, ಕೇಳಲಿಲ್ಲ ಅನ್ನುತ್ತೇನೆ.

ಕೇಳಿಸಿತ್ತು.
"ನಾನೇನಾ?"

ಅದರ ನಡುವಿನ 'ನೇ' ಯಾವ ದೇಶದ್ದೆಂದು ತಿಳಿಯಲು
ಮುಂದಿನ ಮಂಗಳವಾರ ಅಲ್ಲ, ಅದರಾಚೆಯದು ಬರಬೇಕು.
ಅಲ್ಲಿಯತನಕ ಬಂದ ಸೀರೆಗೆಲ್ಲ, ಅಂಚು ಹೊಂದಲಿ ಬಿಡಲಿ,
ಆ ಹಸಿರು ನೂಲನ್ನೇ ಹಾಕುತ್ತಿದ್ದೇನೆ.
ಬೇಗ ಮುಗಿಯಲಿ.