ಸಂಪುಟ ನಲವತ್ತೊಂದು

ಮಾರ್ಚ್ ಮುಗಿಯುವುದರೊಳಗೆ ಪಟ್ಟಿ ಕಳಿಸಬೇಕು,
ಯಾವ ಪತ್ರಿಕೆ ಇರಲಿ, ಯಾವುದು ಸಾಕು.
ನೂರಾ ಹನ್ನೆರಡು ಹೆಸರು. ಎದುರಿಗೆ ಚಂದಾ,
ಎಷ್ಟು ಸಲ ತೆರೆದರು, ತೆರೆದ ಒಂದೊಂದು ಸಲಕ್ಕೆ
ಎಷ್ಟು ಬಿತ್ತು. ಬೀಜದ ಪತ್ರಿಕೆಗೆ ಹನ್ನೆರಡು ರೂಪಾಯಿ.
ಜೇನಿನದಕ್ಕೆ ಮುನ್ನೂರು, ಚೌಕಾಸಿ ಮಾಡಬಹುದು.
ಮಣ್ಣಿನದನ್ನು ಯಾರೂ ತೆರೆದಿಲ್ಲ;
ಸೊನ್ನೆಯಿಂದ ಭಾಗಿಸಲಾರದೆ ಎಕ್ಸೆಲ್
ಆ ಚೌಕಕ್ಕೆ ಬೇಲಿ ಕಟ್ಟಿ ಕೂತಿದೆ.

ಪೊನ್ನಂಪೇಟೆಯಲ್ಲಿ ಈ ವಾರ ಕಿಟಕಿ ತೆಗೆದರೆ
ಕಾಫಿ ಹೂವಿನ ವಾಸನೆಗೆ ತಲೆನೋವು.
ಮುಚ್ಚಿಯೇ ಕೂತಿದ್ದೇನೆ.

ಯಾರೂ ತೆರೆದಿಲ್ಲ ಅನ್ನುವುದು ಕಂಪನಿಯ ಲೆಕ್ಕ.
ಕಂಪನಿಗೆ ನಮ್ಮ ಹಿಂದಿನ ಕೋಣೆ ಕಾಣುವುದಿಲ್ಲ.
ಅಲ್ಲಿ, ಬೂಷ್ಟು ಹಿಡಿಯದಿರಲೆಂದು ಜೂನಿನಿಂದ ಅಕ್ಟೋಬರಿನವರೆಗೆ
ನಲವತ್ತು ವ್ಯಾಟಿನ ಬಲ್ಬು ಉರಿಯುವ ಕಬ್ಬಿಣದ ಬೀರುವಿನಲ್ಲಿ
ಹಳೆಯ ಸಂಪುಟಗಳಿವೆ.
ಕಾಲೂರಿನ ಲಿಖಿತಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ
ಓದುತ್ತಾಳೆ, ಓದಿದ ಕಡೆ ಬಸ್ಸಿನ ಟಿಕೇಟು ಇಟ್ಟು ಹೋಗುತ್ತಾಳೆ.
ಮೂವತ್ತೇಳು ಟಿಕೇಟು ಹೆಕ್ಕಿದ್ದೇನೆ.
ಯಾವ ಕಾಲಮ್ಮಿನಲ್ಲಿ ಬರೆಯಲಿ?
ಎಣಿಕೆಯ ಕಾಲಮ್ಮಿಗೆ ಬೀಗ, ಪಾಸ್‌ವರ್ಡು ಡೀನ್ ಆಫೀಸಿನಲ್ಲಿ.

ನವೆಂಬರಿನಲ್ಲಿ ಒಮ್ಮೆ ಮೇಜಿನ ಹತ್ತಿರ ಬಂದಳು:
'ಮೇಡಂ, ನಲವತ್ತೊಂದರಲ್ಲಿ ಮೂರನೇ ಸಂಚಿಕೆ ಇಲ್ಲ.'
ಇಲ್ಲ, ಗೊತ್ತು. ಅದು ಗುಡ್ಡ ಜರಿದ ಆಗಸ್ಟು.
ರಸ್ತೆ ಕಡಿದು ಅಂಚೆಚೀಲ ಎಲ್ಲೋ ಉಳಿಯಿತು.
ಪತ್ರ ಬರೆದೆ, ಮತ್ತೆ ಬರೆದೆ; ಏಜೆಂಟು
'ಕಳಿಸಿಯಾಗಿದೆ' ಎಂಬ ಒಂದೇ ಸಾಲನ್ನು ಮೂರು ಸಲ ಕಳಿಸಿದ.
ಬೈಂಡರ್ ಎರ್ಮು ಕಾಕ ಆ ವರ್ಷದ ಸಂಪುಟ ಹೊಲಿಯುವಾಗ
ಎರಡರ ಬೆನ್ನಿಗೆ ನಾಲ್ಕನ್ನು ಸೇರಿಸಲು ಒಪ್ಪಲಿಲ್ಲ.
'ಬರೋದು ಬರ್ತದೆ ಮೇಡಂ, ಜಾಗ ಬಿಡೋಣ' ಅಂತ
ರಟ್ಟಿನ ಪಟ್ಟಿ ಇಟ್ಟು ಅರ್ಧ ಬೆರಳು ಬಿಟ್ಟ.

ಆನ್‌ಲೈನಿನಲ್ಲಿ ನೋಡು ಅಂದೆ ಅವಳಿಗೆ, ಹೆಮ್ಮೆಯಿಂದಲೇ.
ಒತ್ತಿದಳು. ನಮ್ಮ ಒಪ್ಪಂದ ಶುರುವಾಗುವುದು
ಅದರ ಮುಂದಿನ ಜನವರಿಯಿಂದ.
ಹಿಂದಿನದಕ್ಕೆ ಮೂವತ್ತೊಂಬತ್ತು ಡಾಲರು, ಇಪ್ಪತ್ತನಾಲ್ಕು ಗಂಟೆಗೆ.
ಲಾಡ್ಜಿನವರೂ ಇಷ್ಟು ಅವಸರ ಮಾಡುವುದಿಲ್ಲ.

ಈಗ ನಿಲ್ಲಿಸಿದರೂ, ಚಂದಾ ಕಟ್ಟಿದ ವರ್ಷಗಳು
ನಮ್ಮವೇ ಅನ್ನುತ್ತದೆ ಕರಾರಿನ ಹನ್ನೊಂದನೆಯ ಕಲಮು.
ನಮ್ಮವು, ಆದರೆ ಅವರ ಮನೆಯಲ್ಲಿ,
ಅವರು ಬಾಗಿಲು ತೆಗೆದಷ್ಟು ದಿನ.

ತ್ರಿಶೂರಿನ ಲೈಬ್ರರಿಯ ಸೂಸಮ್ಮನಿಗೆ ಬರೆದೆ.
ಎರಡು ದಿನಕ್ಕೆ ಹದಿನಾಲ್ಕು ಪುಟ ಬಂದವು, ಸ್ವಲ್ಪ ಸೊಟ್ಟಗೆ,
ಒಂದರ ಮೂಲೆಯಲ್ಲಿ ಅವರ ಹೆಬ್ಬೆರಳೂ ಸ್ಕ್ಯಾನಾಗಿತ್ತು.
ಲಿಖಿತಾ ನಿಂತಲ್ಲೇ ಓದಿದಳು.
'ಇದು ನೇಪಾಳದ ಇಳಿಜಾರು ಮೇಡಂ.'
ಸುಮ್ಮನಾದಳು. ಆಮೇಲೆ,
'ಲೆಕ್ಕ ಮಾಡೋ ರೀತಿ ನಮ್ಮ ಗುಡ್ಡಕ್ಕೂ ಆಗ್ತದೆ.'

ಪ್ರತಿ ತೆಗೆದು ಗೋಣಿಕೊಪ್ಪಕ್ಕೆ ಒಯ್ದೆ.
ಎರ್ಮು ಕಾಕನ ಕಣ್ಣಿಗೆ ಪೊರೆ, ಬೆರಳಿಗೆ ಏನೂ ಆಗಿಲ್ಲ.
ಸಂಪುಟದ ಬೆನ್ನು ಸವರಿ, ಹಾಳೆಗಳನ್ನು ಚಿವುಟಿ ನೋಡಿ
'ಇಷ್ಟೇನಾ?' ಅಂದ.
ಉಳಿದ ಜಾಗಕ್ಕೆ ಮತ್ತೆ ರಟ್ಟು.

ಇವತ್ತು ಇಪ್ಪತ್ತೊಂಬತ್ತು. ಪಟ್ಟಿಯಲ್ಲಿ ಮಣ್ಣಿನ ಸಾಲು
ಇನ್ನೂ ಕೆಂಪೂ ಅಲ್ಲ, ಹಸಿರೂ ಅಲ್ಲ.
ಷರಾ ಎಂಬ ಕಾಲಮ್ಮಿಗೆ ಬೀಗ ಹಾಕಲು ಮರೆತಿದ್ದಾರೆ.
ಟೈಪು ಮಾಡಿದೆ:
ಟಿಕೇಟು ಮೂವತ್ತೇಳು, ಲಕೋಟೆಯಲ್ಲಿ ಲಗತ್ತಿಸಿದೆ.
ಮಡಿಕೇರಿಯಿಂದ ಪೊನ್ನಂಪೇಟೆ, ಒಂದು ಕಡೆಯದು ಮಾತ್ರ.