ಸರಪಳಿ

ಕಣ್ಣು ಅರಿಷಿಣ ಆದಾಗ
ಕಾಶವ್ವ ಕೊಳ್ಳಾಗ ಬೇರಿನ ಸರಾ ಕಟ್ಟಿದ್ಲು.
ಓಣಿ ಮಂದಿ ಮೆಲ್ಲಕ ಕೇಳಿದ್ರು:
"ಕದ್ದು ಕುಡೀತೀಯೇನ?"
ಮಜ್ಜಿಗಿ ಹೊರತು ಬ್ಯಾರೇದು ಗಂಟಲಕ್ಕ ಇಳಿಸದಾಕಿ ನಾನು.

ನವನಗರದ ದವಾಖಾನ್ಯಾಗ
ಡಾಕ್ಟರಬಾಯಿ ಗಾಜಿನ ಚೂರು ತೋರಿಸಿದ್ರು.
ನನ್ನ ಯಕೃತ್ತಿನ ಒಂದು ಎಳಿ, ಗುಲಾಬಿ ಬಣ್ಣದ್ದು;
ಅದರ ಅಂಚಿಗೆ ನೀಲಿ ಚುಕ್ಕಿಗಳ ದಂಡು.
"ಹೊರಗಿನ ರೋಗಾಣು ಅಲ್ರೀ ಇವು. ನಿಮ್ಮವಽ.
ಕಾಯಾಕ ಇದ್ದಂಥಾವು.
ಗುರುತು ತಪ್ಪಿ ಕಚ್ಚಾಕ ಹತ್ಯಾವು.
ಇವನ್ನ ತಡಿಯೋ ಕಣಾನೂ ಕಡಿಮಿ ಅದಾವು."

ಮುಧೋಳದಾಗ ಮೂರು ತಲಿಮಾರಿನಿಂದ
ಬ್ಯಾಟಿನಾಯಿ ಸಾಕಿದ ಮನಿ ನಮ್ಮದು. ನಕ್ಕೆ.
ಮರಿ ಕಣ್ಣು ತೆರೆದಾಗಿಂದ ಕಲಸ್ತೀವಿ:
ಇದು ಅವ್ವನ ಸೀರಿ, ಇದು ಆಕಳ ಕರು, ಇದು ಕೋಳಿ,
ಬಾಯಿ ಹಾಕಬ್ಯಾಡ.
ಕಲೀದ ಮರೀನ್ನ ಅಂಗಳ ದಾಟಸೂದಿಲ್ಲ.
ಆದ್ರೂ ಒಂದು ವರ್ಷ, ಬಿಜಲಿ
(ಎಂಥಾ ನಾಯಿ ಅದು!)
ಜ್ವರ ಬಂದ ತಮ್ಮ ಕಂಬಳಿ ಹೊತ್ತು ಹೊರಗ ಬಂದಾಗ
ಅವನ ಮೊಣಕೈಗೆ ಬಾಯಿ ಹಾಕಿತ್ತು.
ನಮ್ಮ ನಾಯಿ ಮೂಗಿಗಿಂತ ಕಣ್ಣು ನಂಬತಾವು.
ಅಪ್ಪ ಹೊಡೀಲಿಲ್ಲ. ಕಟ್ಟಿದ.
ಆ ವಾರಽ ತೋಳ ಬಂದು ಎರಡು ಕುರಿ ಒಯ್ತು.

ಈಗ ಮುಂಜಾನೆ ನಾಕು ಬಿಳೀ ಗುಳಿಗಿ.
ಮಾರಿ ಬುಟ್ಟಿಹಂಗ ಊದೇತಿ, ನಿದ್ದಿ ಇಲ್ಲ.
ಕೆಮ್ಮೋ ಮಂದಿ ಬಂದ್ರ
ಪಡಸಾಲಿ ಬಿಟ್ಟು ಅಡಗಿಮನಿ ಸೇರ್ತೀನಿ.
ಕಣ್ಣಿನ ಹಳದಿ ಇಳದೈತಿ, ಅಷ್ಟು ಖರೇ.

ರಾತ್ರಿ ಬಲಗಡೆ ಪಕ್ಕೆಲಬಿನ ಕೆಳಗ ಕೈ ಇಟ್ಟು
ಸಣ್ಣಗ ಕರೀತೀನಿ,
ತಮ್ಮ ಆವತ್ತು ಕಂಬಳಿ ಸರಿಸಿ ಕರೆದಂಗ:
ಬಿಜಲೀ,
ನಾನಽ, ನಾನು.